ಹೀಟ್ ಪೈಪನ್ನು ಅಡ್ಡ ಮಲಗಿಸಿದರೆ ಗುರುತ್ವ ಹೋಗುತ್ತದೆಯೇ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ನಮ್ಮ ಪ್ರಾಜೆಕ್ಟ್ ಪಲ್ಸೇಟಿಂಗ್ ಹೀಟ್ ಪೈಪ್. 2 ಮಿಲಿಮೀಟರ್ ಒಳವ್ಯಾಸದ ತಾಮ್ರದ ಕೊಳವೆ, ಒಳಗೆ ಎಥನಾಲ್. ಹೀಟ್ ಪೈಪ್‌ಗಳನ್ನು ಉಪಗ್ರಹಗಳಲ್ಲಿ ಬಳಸುತ್ತಾರೆ ಎಂದು ಓದಿದ್ದೇನೆ. ಗುರುತ್ವ ಇಲ್ಲದ ಕಡೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಇಲ್ಲೇ ಅಡ್ಡ ಮಲಗಿಸಿ ಟೆಸ್ಟ್ ಮಾಡಿದರೆ ಸಾಕಲ್ವಾ? ಎರಡು ತುದಿಗಳ ನಡುವೆ ಎತ್ತರದ ವ್ಯತ್ಯಾಸವೇ ಇಲ್ಲದ ಮೇಲೆ ಗುರುತ್ವ ಏನು ಮಾಡುತ್ತದೆ? ಅದಕ್ಕಾಗಿ ವಿಮಾನ, ರಾಕೆಟ್, ಬಾಹ್ಯಾಕಾಶ ನಿಲ್ದಾಣ ಅಂತ ಅಷ್ಟು ಖರ್ಚು ಯಾಕೆ?

ಉತ್ತರ: ಸಾಕಾಗುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಇದೇ ಮಾತನ್ನು ನಮ್ಮ ಹಿರಿಯರೊಬ್ಬರ ಹತ್ತಿರ ಹೇಳಿದ್ದೆ. ಅವರು ವಾದ ಮಾಡಲಿಲ್ಲ. ಹೆಬ್ಬೆರಳು ದಪ್ಪದ ಒಂದು ಗಾಜಿನ ಕೊಳವೆಗೆ ಅರ್ಧ ನೀರು ತುಂಬಿ, ಎರಡೂ ಕಡೆ ಬಿರಡೆ ಹಾಕಿ ಮೇಜಿನ ಮೇಲೆ ಮಲಗಿಸಿದರು. "ನೀರು ಎಲ್ಲಿದೆ ನೋಡಮ್ಮ" ಎಂದರು. ನೀರು ಕೊಳವೆಯ ಕೆಳಗಿನ ಅರ್ಧದಲ್ಲಿ ಉದ್ದಕ್ಕೂ ಹರಡಿಕೊಂಡಿತ್ತು, ಗಾಳಿ ಮೇಲಿನ ಅರ್ಧದಲ್ಲಿತ್ತು. ನಾನು ಸುಮ್ಮನಾದೆ. ಮಲಗಿಸಿದಾಗ ಉದ್ದದ ದಿಕ್ಕಿನಲ್ಲಿ ಮಾತ್ರ ಗುರುತ್ವದ ಎಳೆತ ಹೋಗುತ್ತದೆ. ಅಡ್ಡಗಲದಲ್ಲಿ ಅದು ಇದ್ದ ಹಾಗೇ ಇರುತ್ತದೆ, ದ್ರವವನ್ನು ಕೆಳಕ್ಕೆ, ಆವಿಯನ್ನು ಮೇಲಕ್ಕೆ ಬೇರೆ ಮಾಡುತ್ತಲೇ ಇರುತ್ತದೆ. ಕಕ್ಷೆಯಲ್ಲಿ ಈ ಮೇಲೆ-ಕೆಳಗೆ ಎಂಬುದೇ ಇಲ್ಲ.

ಹೀಟ್ ಪೈಪ್ ಪರಿಚಯ ಇಲ್ಲದ ಓದುಗರಿಗಾಗಿ ಎರಡು ಮಾತು. ಅದು ಎರಡೂ ಕಡೆ ಮುಚ್ಚಿದ ಲೋಹದ ಕೊಳವೆ. ಒಳಗಿನ ಗಾಳಿಯನ್ನೆಲ್ಲ ತೆಗೆದು, ಸ್ವಲ್ಪ ದ್ರವ ಹಾಕಿ ಸೀಲ್ ಮಾಡಿರುತ್ತಾರೆ. ಬಿಸಿ ತುದಿಯಲ್ಲಿ ದ್ರವ ಆವಿಯಾಗುತ್ತದೆ. ಆವಿ ತಣ್ಣನೆಯ ತುದಿಗೆ ಓಡಿ, ಅಲ್ಲಿ ಮತ್ತೆ ದ್ರವವಾಗಿ, ಹೊತ್ತು ತಂದ ಶಾಖವನ್ನು ಬಿಟ್ಟುಕೊಡುತ್ತದೆ. ಆ ದ್ರವ ವಾಪಸ್ ಬರಬೇಕಲ್ಲ, ಅದಕ್ಕೆ ಒಳಗೋಡೆಯ ಮೇಲೆ ಒಂದು ಬತ್ತಿ ಇರುತ್ತದೆ: ಲೋಹದ ಜಾಲರಿ, ಪುಡಿಯನ್ನು ಕಾಯಿಸಿ ಅಂಟಿಸಿದ ಪದರ, ಅಥವಾ ಬರೀ ಗೋಡೆಯಲ್ಲಿ ಕೊರೆದ ಸಣ್ಣ ಸಣ್ಣ ತೋಡುಗಳು. ದೇವರ ದೀಪದಲ್ಲಿ ಎಣ್ಣೆ ಬತ್ತಿಯನ್ನು ಹತ್ತುತ್ತದಲ್ಲ, ಅದೇ ಕೆಲಸ. ಪಂಪ್ ಇಲ್ಲ, ಕರೆಂಟ್ ಬೇಡ. ಲ್ಯಾಪ್‌ಟಾಪ್‌ಗಳ ಒಳಗೂ ನೀರು ತುಂಬಿದ ಚಪ್ಪಟೆ ತಾಮ್ರದ ಹೀಟ್ ಪೈಪ್ ಇರುತ್ತದೆ.

ಈ ಉಪಾಯಕ್ಕೆ 1944ರಲ್ಲೇ ಜನರಲ್ ಮೋಟಾರ್ಸ್‌ನ ರಿಚರ್ಡ್ ಗಾಗ್ಲರ್ ಅವರಿಗೆ ಪೇಟೆಂಟ್ ಸಿಕ್ಕಿತ್ತು, ಆಗ ಯಾರೂ ಅದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಸ್ವತಂತ್ರವಾಗಿ ಅದನ್ನೇ ಮಾಡಿ ತೋರಿಸಿದರು, ಹೀಟ್ ಪೈಪ್ ಎಂಬ ಹೆಸರೂ ಅವರದೇ. ಅಲ್ಲಿಂದ ನಾಲ್ಕೇ ವರ್ಷ. 1967ರ ಏಪ್ರಿಲ್‌ನಲ್ಲಿ ನೀರು ತುಂಬಿದ ಒಂದು ಹೀಟ್ ಪೈಪನ್ನು ಅಟ್ಲಾಸ್-ಅಜೀನಾ ರಾಕೆಟ್‌ನಲ್ಲಿ ಕಕ್ಷೆಗೆ ಕಳಿಸಿಯೇಬಿಟ್ಟರು. ಗುರುತ್ವ ಇಲ್ಲದೆ ಬತ್ತಿ ದ್ರವವನ್ನು ಎಳೆಯುತ್ತದೆಯೋ ಇಲ್ಲವೋ ಎಂಬುದನ್ನು ಕಣ್ಣಾರೆ ಕಾಣಬೇಕಿತ್ತು. ಎಳೆಯಿತು.

ಈಗ ಲೆಕ್ಕಕ್ಕೆ ಬನ್ನಿ, ನಿಮ್ಮ ಪ್ರಶ್ನೆಯ ಬುಡ ಇಲ್ಲೇ ಇರುವುದು.

ಉಪಗ್ರಹಗಳಲ್ಲಿ ಹೆಚ್ಚಾಗಿ ಬಳಸುವುದು ಅಲ್ಯೂಮಿನಿಯಂ ಕೊಳವೆ, ಒಳಗೆ ಉದ್ದಕ್ಕೂ ತೋಡುಗಳು, ದ್ರವ ಅಮೋನಿಯ. ತೋಡಿನ ಅಗಲ 0.6 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಮೇಲ್ಮೈ ಎಳೆತದಿಂದ ಆ ತೋಡು ಕೊಡಬಲ್ಲ ಒತ್ತಡ ಸುಮಾರು 70 ಪ್ಯಾಸ್ಕಲ್. ಅಮೋನಿಯ ನೀರಿಗಿಂತ ಹಗುರ, ಆದರೂ ಭೂಮಿಯ ಮೇಲೆ ಈ ಒತ್ತಡ ಅದನ್ನು ಎತ್ತುವುದು ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದು ಮೀಟರ್ ಉದ್ದದ ಪೈಪ್‌ನ ಬಿಸಿ ತುದಿ ಒಂದೂವರೆ ಸೆಂಟಿಮೀಟರ್ ಮೇಲಿದ್ದರೆ ದ್ರವ ಅಲ್ಲಿಗೆ ತಲುಪುವುದೇ ಇಲ್ಲ, ಬಿಸಿ ತುದಿ ಒಣಗಿ ತಾಪ ಜರ್ರನೆ ಏರುತ್ತದೆ. ಕಕ್ಷೆಯಲ್ಲಿ ಅದೇ 70 ಪ್ಯಾಸ್ಕಲ್ ಪೂರ್ತಿಯಾಗಿ ಹರಿವಿನ ಘರ್ಷಣೆಯನ್ನು ಗೆಲ್ಲಲು ಸಿಗುತ್ತದೆ, ಹಾಗಾಗಿ ಆ ಪೈಪ್ ಮೀಟರುಗಟ್ಟಲೆ ದೂರಕ್ಕೆ ಶಾಖ ಸಾಗಿಸುತ್ತದೆ.

ಆದ್ದರಿಂದಲೇ ಇಂಥ ಪೈಪ್‌ಗಳನ್ನು ನೆಲದ ಮೇಲೆ ಪರೀಕ್ಷಿಸುವಾಗ ಮಿಲಿಮೀಟರ್ ಲೆಕ್ಕದಲ್ಲಿ ಮಟ್ಟ ಮಾಡಬೇಕು. ರೂಢಿ ಏನೆಂದರೆ ಬಿಸಿ ತುದಿಯನ್ನು ಬೇಕೆಂದೇ ಸುಮಾರು 2.5 ಮಿಲಿಮೀಟರ್ ಮೇಲಿಡುವುದು. ಪೂರ್ತಿ ಸಮತಟ್ಟಾಗಿಟ್ಟರೆ ಚೂರು ಆ ಕಡೆ ವಾಲಿದರೂ ಗುರುತ್ವವೇ ದ್ರವವನ್ನು ಬಿಸಿ ತುದಿಗೆ ಸುರಿದುಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ನನಗೆ ಹೀಗೇ ಆಗಿದೆ. ಒಂದು ಪೈಪನ್ನು ಬೆಳಗ್ಗೆ ಗ್ರಾನೈಟ್ ಮೇಜಿನ ಮೇಲೆ ಇಟ್ಟು, ರಸಮಟ್ಟ ನೋಡಿ, ಡಯಲ್ ಗೇಜ್‌ನಿಂದ ಎರಡೂ ತುದಿ ಅಳೆದು, ಬಿಸಿ ತುದಿಯನ್ನು 2.5 ಮಿಲಿಮೀಟರ್ ಮೇಲೆ ನಿಲ್ಲಿಸಿದೆವು. ಆಮೇಲೆ ತಣ್ಣನೆಯ ತುದಿಗೆ ತಣ್ಣೀರು ಹರಿಸುವ ಚಿಲ್ಲರ್ ಹಾಕಿ ಹೀಟರ್ ಕೊಟ್ಟೆವು. ಫಲಿತಾಂಶ ತುಂಬಾ ಚೆನ್ನಾಗಿ ಬಂತು, ವಿನ್ಯಾಸದ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ವ್ಯಾಟ್ ಹೋಯಿತು. ಎರಡು ದಿನ ಎಲ್ಲರಿಗೂ ಖುಷಿ. ಮೂರನೆಯ ದಿನ ನಮ್ಮ ಟೆಕ್ನಿಷಿಯನ್ ಚಿಲ್ಲರ್ ಓಡುತ್ತಿರುವಾಗಲೇ ತಣ್ಣನೆಯ ತುದಿಗೆ ಡಯಲ್ ಗೇಜ್ ತಾಗಿಸಿ ನನ್ನನ್ನು ಕರೆದರು. ಮುಳ್ಳು 4 ಮಿಲಿಮೀಟರ್ ಮೇಲೆ ತೋರಿಸುತ್ತಿತ್ತು. ಚಿಲ್ಲರ್ ಆಫ್ ಮಾಡಿದರೆ ನಿಧಾನಕ್ಕೆ ಕೆಳಗಿಳಿಯಿತು. ನೀರಿನ ಒತ್ತಡ ಬಂದಾಗ ಚಿಲ್ಲರ್‌ನ ರಬ್ಬರ್ ಪೈಪ್ ಬಿಗಿಯಾಗಿ, ಸೆಟೆದುಕೊಂಡು, ಕೋಲ್ಡ್ ಪ್ಲೇಟನ್ನು ಹೀಟ್ ಪೈಪ್ ಸಮೇತ ಎತ್ತುತ್ತಿತ್ತು! ಬಿಸಿ ತುದಿ ಮೇಲಿದೆ ಎಂದುಕೊಂಡಿದ್ದೆವು, ಟೆಸ್ಟ್ ನಡೆಯುವಾಗ ತಣ್ಣನೆಯ ತುದಿಯೇ ಒಂದೂವರೆ ಮಿಲಿಮೀಟರ್ ಮೇಲಿತ್ತು. ಎರಡು ದಿನದ ಡೇಟಾ ಅಷ್ಟೂ ಕಸಕ್ಕೆ. ಅವತ್ತಿನಿಂದ ಚಿಲ್ಲರ್ ಓಡುವಾಗ ಅಳೆಯದ ಮಟ್ಟವನ್ನು ನಾನು ನಂಬಿಲ್ಲ. ನಿಮ್ಮ ಸೆಟಪ್‌ನಲ್ಲೂ ಇದನ್ನು ದಯವಿಟ್ಟು ನೋಡಿ.

ಮಟ್ಟ ಸರಿ ಮಾಡಿದರೂ ಇನ್ನೊಂದು ತೊಂದರೆ ಉಳಿಯುತ್ತದೆ. ಪೈಪ್‌ನಲ್ಲಿ ಬತ್ತಿಗೆ ಬೇಕಾದ್ದಕ್ಕಿಂತ ಚೂರು ಜಾಸ್ತಿ ದ್ರವ ಇದ್ದರೆ, ನೆಲದ ಮೇಲೆ ಅದು ಕೊಳವೆಯ ತಳದಲ್ಲಿ ಸಣ್ಣ ಕಾಲುವೆಯ ಹಾಗೆ ನಿಲ್ಲುತ್ತದೆ. ತೋಡುಗಳ ಜೊತೆಗೆ ಈ ಕಾಲುವೆಯೂ ದ್ರವ ಸಾಗಿಸಿಕೊಡುತ್ತದೆ, ಆದ್ದರಿಂದ ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಕಕ್ಷೆಯಲ್ಲಿ ಆ ಹೆಚ್ಚುವರಿ ದ್ರವ ತಣ್ಣನೆಯ ತುದಿಗೆ ಹೋಗಿ ಬಿರಡೆಯಂತೆ ಕೂರುತ್ತದೆ, ಅಷ್ಟು ಉದ್ದದ ಕಂಡೆನ್ಸರ್, ಅಂದರೆ ಆವಿ ದ್ರವವಾಗುವ ಭಾಗ, ಕೆಲಸಕ್ಕೆ ಬರುವುದಿಲ್ಲ. ಒಂದೇ ಪೈಪ್, ಒಂದೇ ಅಳತೆಯ ದ್ರವ. ಇಲ್ಲಿ ಉಪಕಾರ ಮಾಡಿದ್ದೇ ಅಲ್ಲಿ ಅಡ್ಡಗಾಲು ಹಾಕುತ್ತದೆ. ಅಂದರೆ ನೆಲದ ಟೆಸ್ಟ್ ಒಮ್ಮೆ ನಿಮ್ಮ ಪೈಪನ್ನು ಇರುವುದಕ್ಕಿಂತ ಕೆಟ್ಟದಾಗಿ ತೋರಿಸಬಹುದು, ಒಮ್ಮೆ ಚೆನ್ನಾಗಿ ತೋರಿಸಬಹುದು, ಎರಡೂ ಒಟ್ಟಿಗೇ ಆಗಬಹುದು. ಯಾವ ಕಡೆ ಎಷ್ಟು ತಪ್ಪಿದೆ ಎಂದು ನೆಲದ ಮೇಲೇ ಕೂತು ಹೇಳುವುದು ಕಷ್ಟ.

ಇದು ಎಷ್ಟು ದುಬಾರಿಯಾಗಬಹುದು ಎನ್ನುವುದಕ್ಕೆ ನಾಸಾದ ಕ್ಯಾಪ್ಲ್ ಪ್ರಯೋಗ ಒಳ್ಳೆಯ ಪಾಠ. ಅದು ಕ್ಯಾಪಿಲರಿ ಪಂಪ್ಡ್ ಲೂಪ್: ಬತ್ತಿ ಬಿಸಿ ತುದಿಯಲ್ಲಿ ಮಾತ್ರ ಇರುತ್ತದೆ, ಆವಿಗೂ ದ್ರವಕ್ಕೂ ಬೇರೆ ಬೇರೆ ಕೊಳವೆ. 1994ರ ಫೆಬ್ರವರಿಯಲ್ಲಿ ಡಿಸ್ಕವರಿ ಷಟಲ್‌ನಲ್ಲಿ ಮೊದಲ ಕ್ಯಾಪ್ಲ್ ಹಾರಿತು. ಕಕ್ಷೆಯಲ್ಲಿ ಅದನ್ನು ಶುರು ಮಾಡುವುದೇ ಕಷ್ಟವಾಯಿತು. ಇಂಥ ಲೂಪ್‌ಗಳಲ್ಲಿ ಹೆದರಿಕೆ ಇರುವುದು ಬತ್ತಿಯ ಒಳಗಿನ ದ್ರವದ ಜಾಗಕ್ಕೆ ನುಗ್ಗುವ ಆವಿ ಗುಳ್ಳೆಗಳದ್ದು. ನೆಲದ ಮೇಲೆ ಗುಳ್ಳೆ ಮೇಲಕ್ಕೆ ತೇಲಿ ಪಕ್ಕಕ್ಕೆ ಸರಿಯುತ್ತದೆ, ಕೆಳಗಿನ ಬತ್ತಿ ಒದ್ದೆಯಾಗೇ ಇರುತ್ತದೆ. ಕಕ್ಷೆಯಲ್ಲಿ ತೇಲುವ ಮಾತೇ ಇಲ್ಲ, ಗುಳ್ಳೆ ಹುಟ್ಟಿದಲ್ಲೇ ಕೂತು ದ್ರವದ ದಾರಿ ಮುಚ್ಚುತ್ತದೆ. ಮುಂದಿನ ಸಲ ಗುಳ್ಳೆಗಳನ್ನು ಹೊರಗೆ ತಳ್ಳಲು ದಾರಿ ಇರುವ ಒಂದು ವಿಶೇಷ ಸ್ಟಾರ್ಟರ್ ಸೇರಿಸಿದರು. 1995ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಕ್ಯಾಪ್ಲ್ ಎಂಡೆವರ್‌ನಲ್ಲಿ ಹಾರಿ ಸರಿಯಾಗಿ ಶುರುವಾಯಿತು. ಆ ಅನುಭವದ ಮೇಲೆಯೇ 1999ರ ಕೊನೆಗೆ ಹಾರಿದ ಟೆರ್ರಾ ಉಪಗ್ರಹದ ಉಪಕರಣಗಳಿಗೆ ಈ ಬಗೆಯ ಲೂಪ್ ಹಾಕಲಾಯಿತು. ಮೊದಲ ಹಾರಾಟ ಇಲ್ಲದೆ ನೇರವಾಗಿ ಟೆರ್ರಾಗೆ ಹಾಕಿದ್ದರೆ? ನೆನೆಸಿಕೊಂಡರೇ ಭಯವಾಗುತ್ತದೆ.

ಸೋವಿಯತ್ ಕಡೆ ಇದಕ್ಕೂ ಬಹಳ ಮೊದಲೇ ಬೇರೆ ದಾರಿ ಹಿಡಿದಿದ್ದರು. 1972ರಲ್ಲಿ ಸ್ವೆರ್ಡ್‌ಲೋವ್ಸ್ಕ್‌ನಲ್ಲಿ ಗೆರಾಸಿಮೊವ್ ಮತ್ತು ಮೈದಾನಿಕ್ ಮಾಡಿದ ಲೂಪ್ ಹೀಟ್ ಪೈಪ್‌ನ ಬತ್ತಿಯ ರಂಧ್ರಗಳು ಮೈಕ್ರಾನ್ ಲೆಕ್ಕದ್ದು. ಒಂದು ಮೈಕ್ರಾನ್ ತ್ರಿಜ್ಯಕ್ಕೆ ಅಮೋನಿಯದಲ್ಲಿ ಸುಮಾರು 40,000 ಪ್ಯಾಸ್ಕಲ್ ಬರುತ್ತದೆ. ಮೇಲಿನ 70ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಲೆಕ್ಕದಲ್ಲಿ ಇದು ಭೂಮಿಯ ಮೇಲೂ ದ್ರವವನ್ನು ಹಲವು ಮೀಟರ್ ಎತ್ತಬಲ್ಲದು, ಹಾಗಾಗಿ ನೆಲದ ಟೆಸ್ಟನ್ನು ಇದರಲ್ಲಿ ಜಾಸ್ತಿ ನಂಬಬಹುದು. ಸ್ಟಾರ್ಟ್ ಆಗುವ ಹೊತ್ತಿನ ನಡವಳಿಕೆ ಮಾತ್ರ ಇದರಲ್ಲೂ ಕಕ್ಷೆಯಲ್ಲೇ ನೋಡಬೇಕಾದದ್ದು.

ಈಗ ಖರ್ಚಿನ ಮಾತು. ಗುರುತ್ವ ಇಲ್ಲದ ಹೊತ್ತನ್ನು ಕೊಳ್ಳುವುದೆಂದರೆ ಸೆಕೆಂಡುಗಳನ್ನು ಕೊಳ್ಳುವುದು. ನಿಮ್ಮ ಉಪಕರಣಕ್ಕೆ ಎಷ್ಟು ಸೆಕೆಂಡು ಬೇಕು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಬಹಳ ಜನ ಇದನ್ನು ಕೊನೆಗೆ ನೋಡುತ್ತಾರೆ, ನನ್ನ ಪ್ರಕಾರ ಇದೇ ಮೊದಲ ಪುಟದಲ್ಲಿರಬೇಕು.

ಅರ್ಧ ಕಿಲೋ ಅಲ್ಯೂಮಿನಿಯಂ ಇರುವ ಒಂದು ಬಿಸಿ ತುದಿಯನ್ನು ತೆಗೆದುಕೊಳ್ಳಿ. ಅದನ್ನು ಒಂದು ಡಿಗ್ರಿ ಏರಿಸಲು 450 ಜೌಲ್ ಬೇಕು. 50 ವ್ಯಾಟ್ ಕೊಟ್ಟರೆ ಒಂದು ಡಿಗ್ರಿಗೆ 9 ಸೆಕೆಂಡ್. ಬೀಳುತ್ತಿರುವ ವಸ್ತುವಿಗೆ ಬೀಳುವಷ್ಟು ಹೊತ್ತು ತೂಕ ಇರುವುದಿಲ್ಲ, ಉಪಕರಣವನ್ನು ಹಾಗೆ ಬೀಳಿಸುವ ಗೋಪುರವೇ ಡ್ರಾಪ್ ಟವರ್. ಡ್ರಾಪ್ ಟವರ್‌ಗೆ ಹಾಕಿದರೆ? ಜರ್ಮನಿಯ ಬ್ರೆಮೆನ್‌ನಲ್ಲಿ 146 ಮೀಟರ್ ಎತ್ತರದ ಗೋಪುರ ಇದೆ, ಒಳಗಿನ ಗಾಳಿ ತೆಗೆದ 110 ಮೀಟರ್ ಕೊಳವೆಯಲ್ಲಿ ಕ್ಯಾಪ್ಸೂಲ್ ಬೀಳುತ್ತದೆ, ಸಿಗುವುದು 4.74 ಸೆಕೆಂಡ್. ಕೆಳಗಿನಿಂದ ಮೇಲಕ್ಕೆ ಚಿಮ್ಮಿಸಿದರೆ 9 ಸೆಕೆಂಡ್ ಚಿಲ್ಲರೆ. ಕ್ಲೀವ್‌ಲ್ಯಾಂಡ್‌ನ ನಾಸಾ ಕೇಂದ್ರದಲ್ಲಿ 132 ಮೀಟರ್ ಬಿದ್ದು 5.18 ಸೆಕೆಂಡ್. ನಮ್ಮ ಪಕ್ಕದ ಐಐಟಿ ಮದ್ರಾಸ್‌ನಲ್ಲಿ ದಹನ ಸಂಶೋಧನೆಗೆಂದು ಕಟ್ಟಿದ ಗೋಪುರದಲ್ಲಿ 2.5 ಸೆಕೆಂಡ್. ಐದು ಸೆಕೆಂಡಿನಲ್ಲಿ ನಮ್ಮ ಅಲ್ಯೂಮಿನಿಯಂ ತುದಿ ಅರ್ಧ ಡಿಗ್ರಿ ಏರುತ್ತದೆ, ಅಷ್ಟರಲ್ಲಿ ನೆಲ ಬಂತು. ಹೀಟ್ ಪೈಪ್ ಕೆಲಸ ಮಾಡಿತೋ ಇಲ್ಲವೋ ಎಂದು ತಾಪ ಅಳೆಯುವ ಥರ್ಮೋಕಪಲ್ ಹೇಳಲಾರದು.

ಹಾಗಂತ ಡ್ರಾಪ್ ಟವರ್ ನಿಷ್ಪ್ರಯೋಜಕ ಅಲ್ಲ. ಒಂದು ಗುಳ್ಳೆ ಹುಟ್ಟಿ ಬೆಳೆಯುವುದಕ್ಕೆ ಮಿಲಿಸೆಕೆಂಡುಗಳು ಸಾಕು. ಬಿದ್ದೊಡನೆ ದ್ರವ ಹೇಗೆ ಆಕಾರ ಬದಲಿಸುತ್ತದೆ, ಕುದಿಯುವಾಗ ಗುಳ್ಳೆ ಬಿಸಿ ಮೇಲ್ಮೈಯನ್ನು ಬಿಡುತ್ತದೋ ಅಂಟಿಕೊಳ್ಳುತ್ತದೋ, ಇದೆಲ್ಲ ಒಂದೆರಡು ಸೆಕೆಂಡಿನಲ್ಲಿ ಕ್ಯಾಮೆರಾಗೆ ಸಿಗುತ್ತದೆ. 1959ರಲ್ಲೇ ರಾಬರ್ಟ್ ಸೀಗಲ್ ಮತ್ತು ಉಸಿಸ್ಕಿನ್ ಬೀಳುವ ಪೆಟ್ಟಿಗೆಯಲ್ಲಿ ನೀರು ಕುದಿಸಿ ಫೋಟೊ ತೆಗೆದಿದ್ದರು. ನಮ್ಮ ಅಡುಗೆಮನೆಯ ಪಾತ್ರೆಯಲ್ಲಿ ಗುಳ್ಳೆ ತಳ ಬಿಟ್ಟು ಏಳುವುದು ನೀರು ಅದನ್ನು ಮೇಲಕ್ಕೆ ನೂಕುವುದರಿಂದ. ನೂಕುವವರಿಲ್ಲದಿದ್ದರೆ ಗುಳ್ಳೆಗಳು ತಳದಲ್ಲೇ ಸೇರಿಕೊಂಡು ದೊಡ್ಡ ಆವಿಯ ಹೊದಿಕೆಯಾಗುತ್ತವೆ, ಅದರಡಿ ಲೋಹ ಸುಡುತ್ತದೆ.

ಡ್ರಾಪ್ ಟವರ್ ಆದಮೇಲೆ ವಿಮಾನ. ಫ್ರಾನ್ಸ್‌ನ ಬೋರ್ಡೋದಿಂದ ಹಾರುವ ಏರ್‌ಬಸ್ ಎ-310 ಒಂದು ಹಾರಾಟದಲ್ಲಿ 31 ಸಲ ಕಮಾನಿನಂತೆ ಹಾರುತ್ತದೆ, ಪ್ರತಿ ಸಲ ಸುಮಾರು 22 ಸೆಕೆಂಡ್ ತೂಕವಿಲ್ಲದ ಸ್ಥಿತಿ. ನಮ್ಮ ಲೆಕ್ಕದಲ್ಲಿ ಎರಡೂವರೆ ಡಿಗ್ರಿಯಷ್ಟು. ತೊಂದರೆ ಏನೆಂದರೆ, ಆ 22 ಸೆಕೆಂಡಿಗೆ ಮೊದಲು ವಿಮಾನ ಮೂಗೆತ್ತಿ ಏರುವಾಗ ಸುಮಾರು 20 ಸೆಕೆಂಡ್ 1.8 ಪಟ್ಟು ಗುರುತ್ವ, ಆಮೇಲೆ ಇಳಿದು ನೇರವಾಗುವಾಗ ಮತ್ತೆ ಅಷ್ಟೇ. ಪೈಪ್ ಒಳಗಿನ ದ್ರವ ಒಂದು ಮೂಲೆಗೆ ಒತ್ತಿಕೊಂಡು ಕೂತಿರುವಾಗಲೇ ತೂಕ ಮಾಯವಾಗುತ್ತದೆ. ಅದು ಸಾವರಿಸಿಕೊಂಡು ತನ್ನ ಜಾಗ ಹುಡುಕುವಷ್ಟರಲ್ಲಿ ಅರ್ಧ ಹೊತ್ತು ಕಳೆದಿರುತ್ತದೆ. ವಿಮಾನದ ಅಲುಗಾಟ ಬೇರೆ, ನೂರರಲ್ಲಿ ಒಂದೆರಡು ಪಾಲು ಗುರುತ್ವ ಉಳಿದೇ ಇರುತ್ತದೆ. ಸ್ವೀಡನ್‌ನ ಕಿರುನಾ ಹತ್ತಿರದಿಂದ ಹಾರುವ ಟೆಕ್ಸಸ್ ತರಹದ, ಕಕ್ಷೆಗೆ ಹೋಗದೆ ಮೇಲೇರಿ ವಾಪಸ್ ಬೀಳುವ ಸೌಂಡಿಂಗ್ ರಾಕೆಟ್‌ನಲ್ಲಿ ಆರು ನಿಮಿಷ ಸಿಗುತ್ತದೆ. ಆರು ನಿಮಿಷ ಅಂದರೆ ಬಹಳ ಹೀಟ್ ಪೈಪ್‌ಗಳು ಒಂದು ಸ್ಥಿರ ಸ್ಥಿತಿಗೆ ಬರಲು ಸಾಕು.

ದಿನಗಟ್ಟಲೆ, ತಿಂಗಳುಗಟ್ಟಲೆ ಬೇಕಾದರೆ ಕಕ್ಷೆಗೇ ಹೋಗಬೇಕು. ಅಲ್ಲಿ ಕೇಳುವ ಪ್ರಶ್ನೆಗಳೂ ಬೇರೆ. ಅಲ್ಯೂಮಿನಿಯಂ ಪೈಪ್‌ನ ಅಮೋನಿಯದಲ್ಲಿ ಚೂರು ತೇವ ಉಳಿದಿದ್ದರೂ ನಿಧಾನಕ್ಕೆ ಹೈಡ್ರೋಜನ್ ಹುಟ್ಟಿ, ತಣ್ಣನೆಯ ತುದಿಯಲ್ಲಿ ಸೇರಿಕೊಂಡು ಕಂಡೆನ್ಸರನ್ನು ತಿನ್ನುತ್ತಾ ಬರುತ್ತದೆ. ಇದು ಸೆಕೆಂಡಿನಲ್ಲಿ ಕಾಣುವುದಿಲ್ಲ, ವರ್ಷದಲ್ಲಿ ಕಾಣುತ್ತದೆ. ನಿಮ್ಮ ಪಲ್ಸೇಟಿಂಗ್ ಹೀಟ್ ಪೈಪ್ ಬಗ್ಗೆಯೂ ಇದೇ ಕುತೂಹಲ ಇತ್ತು. ಅಮೆರಿಕದ ವಾಯುಪಡೆಯ ಸಂಶೋಧನಾಲಯ ಅಂಥ ಮೂರು ಪೈಪ್‌ಗಳನ್ನು ಅಸೆಟ್ಸ್-2 ಎಂಬ ಹೆಸರಿನಲ್ಲಿ ಎಕ್ಸ್-37ಬಿ ಎಂಬ ಬಾಹ್ಯಾಕಾಶ ವಿಮಾನದಲ್ಲಿಟ್ಟು 2017ರ ಸೆಪ್ಟೆಂಬರ್‌ನಲ್ಲಿ ಕಳಿಸಿತು. ವಿಮಾನ ವಾಪಸ್ ಇಳಿದದ್ದು 780 ದಿನ ಆದಮೇಲೆ, 2019ರ ಅಕ್ಟೋಬರ್‌ನಲ್ಲಿ. ಕಕ್ಷೆಯಲ್ಲಿ ಅವು ನೆಲದ ಮೇಲೆ ಅಳೆದದ್ದಕ್ಕೆ ಹತ್ತಿರವಾಗಿಯೇ ನಡೆದುಕೊಂಡವು.

"ಹಾಗಿದ್ದರೆ ನೆಲದ ಟೆಸ್ಟೇ ಸಾಕಿತ್ತಲ್ಲ" ಎಂದು ನೀವು ಕೇಳಬಹುದು. ಹೌದು, ಹಾರಿಸಿದ ಮೇಲೆ ಹಾಗೆ ಹೇಳಬಹುದು. ಹಾರಿಸುವ ಮೊದಲು ಯಾರ ಮಾತನ್ನು ನಂಬುವುದು? ನಮ್ಮೆಲ್ಲರ ಊಹೆ ತಲೆಕೆಳಗಾದ ಪ್ರಯೋಗವೂ ಇದೆ, ನನಗೆ ಬಹಳ ಇಷ್ಟವಾದದ್ದು ಅದು.

ಅಮೆರಿಕದ ರೆನ್ಸಲರ್ ಪಾಲಿಟೆಕ್ನಿಕ್‌ನ ಪೀಟರ್ ವೇಯ್ನರ್ ಮತ್ತು ಜೋಯೆಲ್ ಪ್ಲಾವ್ಸ್ಕಿ ಬತ್ತಿಯೇ ಇಲ್ಲದ ಒಂದು ಪುಟ್ಟ ಹೀಟ್ ಪೈಪ್ ಮಾಡಿದರು. ಬೆರಳಿನಷ್ಟು ಉದ್ದದ ಪಾರದರ್ಶಕ ಚೌಕ ಕೊಳವೆ, ಒಳ ಅಗಲ 3 ಮಿಲಿಮೀಟರ್, ಒಳಗೆ ಪೆಂಟೇನ್ ಮತ್ತು ಒಂದು ಉದ್ದನೆಯ ಆವಿಯ ಗುಳ್ಳೆ. ಚೌಕದ ನಾಲ್ಕು ಮೂಲೆಗಳಲ್ಲಿ ದ್ರವ ಹರಿದು ಬರುತ್ತದೆ, ಮೂಲೆಯೇ ಬತ್ತಿ. ಒಳಗೇನು ನಡೆಯುತ್ತದೆಂದು ಮೈಕ್ರೋಸ್ಕೋಪ್‌ನಿಂದ ನೇರವಾಗಿ ನೋಡಬಹುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅದನ್ನು ಓಡಿಸಿದರು. ಬಿಸಿಯಾದ ಕಡೆ ದ್ರವದ ಮೇಲ್ಮೈ ಎಳೆತ ಕಡಿಮೆ, ತಣ್ಣಗಿರುವ ಕಡೆ ಜಾಸ್ತಿ, ಆದ್ದರಿಂದ ಮೇಲ್ಮೈ ದ್ರವವನ್ನು ತಣ್ಣನೆಯ ಕಡೆಗೆ ಎಳೆಯುತ್ತದೆ. ಇದಕ್ಕೆ ಮಾರಂಗೋನಿ ಹರಿವು ಎನ್ನುತ್ತಾರೆ. ಶಾಖ ಹೆಚ್ಚಿಸುತ್ತಾ ಹೋದರೆ ಈ ಎಳೆತ ಗೆದ್ದು, ಬಿಸಿ ತುದಿ ಒಣಗಬೇಕು. ಎಲ್ಲರೂ ಹಾಗೇ ಅಂದುಕೊಂಡಿದ್ದರು.

ಕಂಡದ್ದು ಉಲ್ಟಾ. ಹೀಟರ್ ಪಕ್ಕದಲ್ಲಿ ದ್ರವ ದಪ್ಪಗೆ ತುಂಬಿಕೊಂಡಿತ್ತು! ಮೂಲೆಗಳಿಂದ ಬರುವ ದ್ರವವೂ ಮೇಲ್ಮೈ ವಾಪಸ್ ಎಳೆಯುವ ದ್ರವವೂ ಎದುರುಬದುರಾಗಿ ಅಲ್ಲೇ ಕಟ್ಟಿಕೊಂಡಿದ್ದವು. ಪೈಪ್‌ನ ಸಾಮರ್ಥ್ಯ ಕುಗ್ಗಿದ್ದು ನಿಜ, ಆದರೆ ಒಣಗಿದ್ದರಿಂದಲ್ಲ, ಪ್ರವಾಹ ಬಂದದ್ದರಿಂದ. ನೆಲದ ಮೇಲೆ ಗುರುತ್ವ ಈ ಪದರವನ್ನು ಇಳಿಸಿಬಿಡುವುದರಿಂದ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಇನ್ನೊಂದು ಸಣ್ಣ ವಿಷಯವೂ ಅಲ್ಲಿ ಕಾಣಿಸಿತು: ನೆಲದಲ್ಲಿ ಕೊಳವೆಯ ಹೊರಮೈ ಸುತ್ತ ಬಿಸಿ ಗಾಳಿ ತಾನಾಗಿ ಮೇಲೆದ್ದು ಸ್ವಲ್ಪ ಶಾಖ ಒಯ್ಯುತ್ತದೆ. ನಿಲ್ದಾಣದಲ್ಲಿ ಗಾಳಿ ಇದ್ದರೂ ಬಿಸಿ ಗಾಳಿ ಏಳುವುದಿಲ್ಲ, ಹೊರಮೈಯಿಂದ ಶಾಖ ಹೋಗುವುದು ಮುಖ್ಯವಾಗಿ ವಿಕಿರಣದಿಂದ, ಆದ್ದರಿಂದ ಅದೇ ವ್ಯಾಟ್‌ಗೆ ಹೀಟರ್ ಜಾಸ್ತಿ ಬಿಸಿಯಾಗುತ್ತದೆ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಹೊರಗಿನ ಶಾಖ ನಷ್ಟವನ್ನು ಅಳೆಯದೆ ಬಿಡಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಪಂಪ್ ಇಟ್ಟು ದ್ರವವನ್ನು ಜೋರಾಗಿ ಓಡಿಸಿದರೆ ಈ ರಗಳೆ ಬಹಳಷ್ಟು ಕಡಿಮೆಯಾಗುತ್ತದೆ. ಪರ್ಡ್ಯೂ ವಿಶ್ವವಿದ್ಯಾಲಯದ ಇಸ್ಸಾಮ್ ಮುದಾವರ್ ಅವರ ತಂಡ ವಿಮಾನದ ಪ್ರಯೋಗಗಳಲ್ಲಿ ಕಂಡ ಪ್ರಕಾರ, ಎಫ್‌ಸಿ-72 ಎಂಬ ದ್ರವ ಸೆಕೆಂಡಿಗೆ 1.5 ಮೀಟರ್‌ಗಿಂತ ವೇಗವಾಗಿ ಹರಿದರೆ ಕುದಿಯುವಿಕೆಯ ಗರಿಷ್ಠ ಮಿತಿ ಗುರುತ್ವ ಇದ್ದರೂ ಇಲ್ಲದಿದ್ದರೂ ಒಂದೇ. ಅದನ್ನೇ ದೀರ್ಘವಾಗಿ ನೋಡಲು 2021ರಲ್ಲಿ ನಿಲ್ದಾಣಕ್ಕೆ ದೊಡ್ಡ ಪ್ರಯೋಗವೊಂದು ಹೋಗಿದೆ. ಪಂಪ್‌ಗೆ ಕರೆಂಟ್ ಬೇಕು, ಅದು ಕೆಟ್ಟೂ ಹೋಗಬಹುದು ಎಂಬುದು ಬೇರೆ ಮಾತು.

ಈಗ ನಿಮ್ಮ ಪೈಪ್. 1990ರಲ್ಲಿ ಜಪಾನಿನ ಅಕಾಚಿ ಪೇಟೆಂಟ್ ಪಡೆದ ಈ ವಿನ್ಯಾಸದಲ್ಲಿ ಬತ್ತಿ ಇಲ್ಲ. ಹಾವಿನಂತೆ ಹಿಂದೆ ಮುಂದೆ ತಿರುವಿದ ಸಣ್ಣ ಕೊಳವೆಯಲ್ಲಿ ದ್ರವದ ತುಂಡು, ಆವಿಯ ತುಂಡು, ಮತ್ತೆ ದ್ರವ, ಹೀಗೆ ರೈಲಿನ ಬೋಗಿಗಳಂತೆ ನಿಂತಿರುತ್ತವೆ, ಬಿಸಿ ಕೊಟ್ಟಾಗ ಹಿಂದೆ ಮುಂದೆ ಓಲಾಡುತ್ತವೆ. ಹೀಗೆ ತುಂಡಾಗಿ ನಿಲ್ಲಬೇಕಾದರೆ ಕೊಳವೆಯ ವ್ಯಾಸ ಒಂದು ಮಿತಿಗಿಂತ ಚಿಕ್ಕದಿರಬೇಕು. ಮೇಲ್ಮೈ ಎಳೆತವನ್ನು ಸಾಂದ್ರತೆಯ ವ್ಯತ್ಯಾಸ ಮತ್ತು ಗುರುತ್ವದ ಗುಣಲಬ್ಧದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ಎಥನಾಲ್‌ಗೆ ಸುಮಾರು 3.4 ಮಿಲಿಮೀಟರ್ ಬರುತ್ತದೆ. ನಿಮ್ಮದು 2, ಒಳ್ಳೆಯ ಆಯ್ಕೆ.

ಸೂತ್ರದಲ್ಲಿ ಗುರುತ್ವ ಕೆಳಗಿದೆ ನೋಡಿ. ಅದು ನೂರನೇ ಒಂದು ಪಾಲಾದರೆ ವ್ಯಾಸದ ಮಿತಿ ಹತ್ತು ಪಟ್ಟು ಏರುತ್ತದೆ. ಅಂದರೆ ಇಲ್ಲಿ ತುಂಡಾಗಿ ನಿಲ್ಲದ ದಪ್ಪ ಕೊಳವೆಯೂ ಅಲ್ಲಿ ನಿಲ್ಲಿಸುತ್ತದೆ. ಇಟಲಿಯ ಪೀಸಾ, ಬೆರ್ಗಾಮೊ ಮತ್ತು ಇಂಗ್ಲೆಂಡಿನ ಬ್ರೈಟನ್‌ನ ಸಂಶೋಧಕರು ಇದನ್ನೇ ಹಿಡಿದು 3 ಮಿಲಿಮೀಟರ್ ಅಲ್ಯೂಮಿನಿಯಂ ಕೊಳವೆಗೆ ಎಫ್‌ಸಿ-72 ತುಂಬಿ ವಿಮಾನದಲ್ಲಿ ಹಾರಿಸಿದರು. ಆ ದ್ರವಕ್ಕೆ ನೆಲದ ಮಿತಿ ಬರೀ 1.7 ಮಿಲಿಮೀಟರ್ ಆಸುಪಾಸು. ನೆಲದ ಮೇಲೆ ಅದು ದ್ರವ ಕೆಳಗೆ, ಆವಿ ಮೇಲೆ ಎಂಬ ಮಾಮೂಲಿ ಥರ್ಮೋಸೈಫನ್. ತೂಕ ಹೋದೊಡನೆ ತುಂಡುಗಳಾಗಿ ಓಲಾಡತೊಡಗಿತು. ಇಂಥ ಉಪಕರಣವನ್ನು ಮೇಜಿನ ಮೇಲೆ ಎಷ್ಟು ಮಟ್ಟವಾಗಿ ಮಲಗಿಸಿದರೂ ಅದರ ನಿಜವಾದ ಮುಖ ಕಾಣುವುದಿಲ್ಲ, ಯಾಕೆಂದರೆ ಇಲ್ಲಿ ಅದು ಬೇರೆಯೇ ಯಂತ್ರ. ಪೀಸಾದ ವಿದ್ಯಾರ್ಥಿಗಳು ಇದೇ ಯೋಚನೆಯನ್ನು ರೆಕ್ಸಸ್-18 ರಾಕೆಟ್‌ನಲ್ಲೂ ಹಾರಿಸಿದರು. ಆ ಹಾರಾಟದಲ್ಲಿ ರಾಕೆಟ್‌ನ ತಿರುಗುವಿಕೆ ನಿಲ್ಲಲಿಲ್ಲ, ಬೇಕಾದ ಸ್ಥಿತಿಯೇ ಸಿಗಲಿಲ್ಲ. ಅವರು ಬಿಡಲಿಲ್ಲ, ಪ್ರಯೋಗವನ್ನು ತಿದ್ದಿ 2017ರಲ್ಲಿ ರೆಕ್ಸಸ್-22ರಲ್ಲಿ ಮತ್ತೆ ಹಾರಿಸಿದರು. ಅವರೂ ನಿಮ್ಮ ವಯಸ್ಸಿನವರೇ.

ನೀವು ಈಗ ಮಾಡಬಹುದಾದದ್ದು ಇಷ್ಟು. ಪೈಪನ್ನು ಮೂರು ಭಂಗಿಯಲ್ಲಿ ಓಡಿಸಿ: ಬಿಸಿ ಕೆಳಗೆ, ಅಡ್ಡ, ಬಿಸಿ ಮೇಲೆ. ಮೂರರಲ್ಲೂ ಒಂದೇ ವ್ಯಾಟ್‌ಗೆ ತಾಪದ ವ್ಯತ್ಯಾಸ ಹೆಚ್ಚು ಕಡಿಮೆ ಒಂದೇ ಬಂದರೆ, ನಿಮ್ಮ ಪೈಪ್‌ನಲ್ಲಿ ಗುರುತ್ವದ ಕೈವಾಡ ಕಡಿಮೆ ಎಂದು ಧೈರ್ಯವಾಗಿ ಬರೆಯಬಹುದು. ಬಿಸಿ ಮೇಲಿದ್ದಾಗ ನಿಂತೇ ಹೋದರೆ ತಿರುವುಗಳು ಸಾಲದು. ತಿರುವು ಜಾಸ್ತಿಯಾದಷ್ಟೂ ಭಂಗಿಯ ಹಂಗು ಕಡಿಮೆಯಾಗುತ್ತದೆ. ಅಡ್ಡ ಮಲಗಿಸಿದ ಒಂದೇ ಅಂಕಿಯನ್ನು ಹಿಡಿದು "ಬಾಹ್ಯಾಕಾಶದಲ್ಲಿ ಹೀಗೆ ನಡೆಯುತ್ತದೆ" ಎಂದು ಮಾತ್ರ ಬರೆಯಬೇಡಿ.

ಇನ್ನೊಂದು ಸಣ್ಣ ಪ್ರಯೋಗ ಕಾಲೇಜಿನಲ್ಲೇ ಆಗುತ್ತದೆ, ಆಸೆ ಇದ್ದರೆ ಮಾಡಿ. 5 ಮೀಟರ್ ಬಿದ್ದರೆ ಒಂದು ಸೆಕೆಂಡ್, 10 ಮೀಟರ್ ಬಿದ್ದರೆ 1.4 ಸೆಕೆಂಡ್. ಒಂದು ದೊಡ್ಡ ಪೆಟ್ಟಿಗೆಯ ಒಳಗೆ ಇನ್ನೊಂದು ಸಣ್ಣ ಪೆಟ್ಟಿಗೆ ಇಡಿ, ನಡುವೆ ಸ್ವಲ್ಪ ಜಾಗ ಬಿಡಿ. ಗಾಳಿಯ ತಡೆಯನ್ನು ಹೊರಗಿನದು ತೆಗೆದುಕೊಳ್ಳುತ್ತದೆ, ಒಳಗಿನದು ತನ್ನ ಪಾಡಿಗೆ ಬೀಳುತ್ತದೆ. ಒಳಗೆ ಮೊಬೈಲ್ ಸ್ಲೋ ಮೋಷನ್‌ನಲ್ಲಿಟ್ಟು, ಮುಂದೆ ಬಣ್ಣದ ನೀರಿರುವ ಎರಡು ಗಾಜಿನ ಕೊಳವೆ ನಿಲ್ಲಿಸಿ: ಒಂದು 8 ಮಿಲಿಮೀಟರ್, ಒಂದು 2 ಮಿಲಿಮೀಟರ್. ಗಾಜು ಚೆನ್ನಾಗಿ ತೊಳೆದಿರಬೇಕು, ಎಣ್ಣೆಯ ಅಂಶ ಇರಬಾರದು. ಬಿಟ್ಟ ತಕ್ಷಣ ದಪ್ಪ ಕೊಳವೆಯ ನೀರಿನ ಚಪ್ಪಟೆ ಮುಖ ಬಟ್ಟಲಿನಂತೆ ಗುಂಡಗಾಗಿ, ನೀರು ಗೋಡೆ ಹತ್ತತೊಡಗುತ್ತದೆ. ಸಣ್ಣ ಕೊಳವೆಯ ನೀರಿನ ಮುಖ ಮೊದಲೇ ಗುಂಡಗಿತ್ತು, ಅದರ ಆಕಾರ ಹೆಚ್ಚೇನೂ ಬದಲಾಗುವುದಿಲ್ಲ. ಮೇಲೆ ಹೇಳಿದ ಸೂತ್ರ ಅಷ್ಟೂ ಆ ವಿಡಿಯೊದಲ್ಲಿದೆ. ಕೆಳಗೆ ದಪ್ಪ ಫೋಮ್ ಹಾಕಿ, ಹಗ್ಗ ಕಟ್ಟಿ ಯಾರೂ ಹತ್ತಿರ ಬರದಂತೆ ನೋಡಿಕೊಳ್ಳಿ, ಮೊದಲೇ ಪ್ರಿನ್ಸಿಪಾಲರ ಅನುಮತಿ ಕೇಳಿ. ಬಿಸಿ ಎಥನಾಲ್ ಇರುವ ಏನನ್ನೂ ಬೀಳಿಸಬೇಡಿ, ಹೊತ್ತಿಕೊಳ್ಳುತ್ತದೆ.

ಮತ್ತೆ, ಎಥನಾಲ್ ತುಂಬುವ ಮೊದಲು ಮತ್ತು ತುಂಬಿದ ಮೇಲೆ ಕೊಳವೆಯ ತೂಕ ಬರೆದಿಡಿ, ಒಂದು ವಾರ ಬಿಟ್ಟು ಇನ್ನೊಮ್ಮೆ ತೂಗಿ. ತೂಕ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಒಳಗೆ ಗಾಳಿ ಸೇರಿದೆ, ಅಲ್ಲಿಯವರೆಗಿನ ಅಂಕಿಗಳನ್ನು ಬಿಟ್ಟು ಮತ್ತೆ ತುಂಬಿ. ಮೂರೂ ಭಂಗಿಯ ಅಂಕಿಗಳು ಕೈಗೆ ಬಂದ ಮೇಲೆ ವ್ಯಾಟ್, ಎರಡೂ ತುದಿಯ ತಾಪ, ಕೋಣೆಯ ತಾಪ, ತಿರುವುಗಳ ಸಂಖ್ಯೆ, ಎಷ್ಟು ಪಾಲು ತುಂಬಿದ್ದೀರಿ, ಇಷ್ಟನ್ನೂ ಸೇರಿಸಿ ಮತ್ತೆ ಬರೆಯಿರಿ. ನೋಡಿ ಹೇಳುತ್ತೇನೆ.